ಐಡೆಕ್ಸ್
ಗಡಿ ಹಾಗೂ ಕಡಲ ಕಾವಲಿನ ಹೊಸ ತಂತ್ರಜ್ಞಾನಕ್ಕೂ ಹಣ ಒದಗಿಸುವ, ಕೇಂದ್ರ ರಕ್ಷಣಾ ಸಚಿವಾಲಯದ ಯೋಜನೆ. 2018ರ ಏಪ್ರಿಲ್‌ನಲ್ಲಿ ಆರಂಭ. ಇದನ್ನು ನಡೆಸುವ ಸಂಸ್ಥೆಗೆ ಮೂಲಧನ ಹಾಕಿದವು ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್. ಸೇನಾಪಡೆಗಳು ತಮ್ಮ ತೊಡಕನ್ನು ಸವಾಲಾಗಿ ಮುಂದಿಡುತ್ತವೆ. ಗೆದ್ದ ನವೋದ್ಯಮಕ್ಕೆ ಮಾದರಿ ತಯಾರಿಸಲು 1.5 ಕೋಟಿ ರೂಪಾಯಿವರೆಗೆ, ‘ಪ್ರೈಮ್’ ವಿಭಾಗದಲ್ಲಿ 10 ಕೋಟಿವರೆಗೆ, 2024ರ ‘ಅದಿತಿ’ ಉಪಯೋಜನೆಯಲ್ಲಿ 25 ಕೋಟಿವರೆಗೆ ಅನುದಾನ. ಹಣ ಬರುವುದು ಕಂತುಕಂತಾಗಿ; ಕಂಪನಿಯೂ ತನ್ನ ಪಾಲು ಹಾಕಬೇಕು. 2022ರಲ್ಲಿ ನೌಕಾಪಡೆ ‘ಸ್ಪ್ರಿಂಟ್’ ಹೆಸರಿನ 75 ಸವಾಲುಗಳನ್ನು ಪ್ರಕಟಿಸಿತು. ಮಾದರಿ ಗೆದ್ದರೂ ಖರೀದಿ ಆದೇಶ ಕೈಸೇರುವವರೆಗೆ ಸಣ್ಣ ಕಂಪನಿ ತಾಳಿಕೊಳ್ಳುವುದೇ ಕಷ್ಟ. ಕಡಲ ಕಾವಲಿನೊಂದಿಗೆ ಬೆಂಗಳೂರಿನ ನಂಟು ಈ ಯೋಜನೆಗಿಂತಲೂ ಹಳೆಯದು: 2008ರ ಮುಂಬೈ ದಾಳಿಯ ನಂತರ ದೇಶದ ಕರಾವಳಿಗೆ ರೇಡಾರ್ ಕಣ್ಗಾವಲು ಜಾಲ ಅಳವಡಿಸಿದ್ದು ಬಿಇಎಲ್.