ಲ್ಯಾಟಿನ್ ವ್ಯಾಕರಣ

ಲ್ಯಾಟಿನ್ ವ್ಯಾಕರಣವು ಪ್ರಾಚೀನ ರೋಮನ್ನರ ಭಾಷೆಯಾದ ಲ್ಯಾಟಿನ್‌ನ ಪದರಚನೆ ಹಾಗೂ ವಾಕ್ಯರಚನೆಗಳ ನಿಯಮಗಳನ್ನು ಒಳಗೊಂಡಿದೆ. ಈ ಭಾಷೆಯು ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಇಟಾಲಿಕ್ ಶಾಖೆಗೆ ಸೇರಿದೆ. ಇದರಲ್ಲಿ ಕರ್ತೃ, ಕರ್ಮ ಮೊದಲಾದ ಸಂಬಂಧಗಳನ್ನು ಪದಗಳ ಸ್ಥಾನಕ್ಕಿಂತ ಪದಾಂತ್ಯದ ಪ್ರತ್ಯಯಗಳೇ ಸೂಚಿಸುತ್ತವೆ. ಕ್ರಿ.ಶ. 4ನೇ ಶತಮಾನದ ಡೊನಾಟಸ್ ಮತ್ತು 6ನೇ ಶತಮಾನದ ಪ್ರಿಸಿಯನ್ ರಚಿಸಿದ ವ್ಯಾಕರಣ ಗ್ರಂಥಗಳು ಮಧ್ಯಯುಗದ ಯುರೋಪಿನಲ್ಲಿ ಪಠ್ಯಗಳಾಗಿ ಬಳಕೆಯಲ್ಲಿದ್ದವು.

ನಾಮಪದಗಳು

ನಾಮಪದಗಳಿಗೆ 3 ಲಿಂಗಗಳು, 2 ವಚನಗಳು ಹಾಗೂ 6 ಮುಖ್ಯ ವಿಭಕ್ತಿಗಳಿವೆ. ರೂಪಭೇದಕ್ಕೆ ಅನುಗುಣವಾಗಿ ಅವುಗಳನ್ನು 5 ಗಣಗಳಾಗಿ ವಿಂಗಡಿಸಲಾಗಿದೆ. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಮತ್ತು ಸಂಬೋಧನೆಗಳಿಗೆ ಪ್ರತ್ಯೇಕ ವಿಭಕ್ತಿಗಳಿವೆ. ತೃತೀಯಾ, ಪಂಚಮೀ, ಸಪ್ತಮೀ ವಿಭಕ್ತಿಗಳ ಅರ್ಥಗಳನ್ನು ಬಹುಮಟ್ಟಿಗೆ 'ಅಬ್ಲೇಟಿವ್' ಎಂಬ ಒಂದೇ ವಿಭಕ್ತಿಯು ನಿರ್ವಹಿಸುತ್ತದೆ.

'ನೌತ ಪುಎಲ್ಲಮ್ ವಿದೆತ್' ಎಂದರೆ 'ನಾವಿಕನು ಹುಡುಗಿಯನ್ನು ನೋಡುತ್ತಾನೆ'. 'ಪುಎಲ್ಲಮ್ ನೌತ ವಿದೆತ್' ಎಂದರೂ ಅರ್ಥ ಅದೇ. ಆದರೆ 'ನೌತಮ್ ಪುಎಲ್ಲ ವಿದೆತ್' ಎಂದಾಗ ನೋಡುವವಳು ಹುಡುಗಿ.

ಕನ್ನಡದಲ್ಲಿ ವಚನ ಮತ್ತು ವಿಭಕ್ತಿಗಳಿಗೆ ಬೇರೆ ಬೇರೆ ಪ್ರತ್ಯಯಗಳಿವೆ (ಮನೆ-ಗಳ-ನ್ನು). ಲ್ಯಾಟಿನ್‌ನಲ್ಲಿ ಒಂದೇ ಪ್ರತ್ಯಯವು ಎರಡನ್ನೂ ಸೂಚಿಸುತ್ತದೆ. ಒಂದೇ ರೂಪಕ್ಕೆ ಹಲವು ಅರ್ಥಗಳೂ ಇರಬಹುದು: 'ಪುಎಲ್ಲೈ' ಎಂಬುದು ಸಂದರ್ಭಾನುಸಾರ 'ಹುಡುಗಿಯ', 'ಹುಡುಗಿಗೆ' ಅಥವಾ 'ಹುಡುಗಿಯರು' ಎಂದಾಗುತ್ತದೆ.

ಕ್ರಿಯಾಪದಗಳು

ಕ್ರಿಯಾಪದಗಳಲ್ಲಿ 4 ಗಣಗಳು ಹಾಗೂ 6 ಕಾಲಗಳಿವೆ. ಪುರುಷ ಮತ್ತು ವಚನಗಳನ್ನು ಪ್ರತ್ಯಯವೇ ಸೂಚಿಸುವುದರಿಂದ ಕರ್ತೃಪದವನ್ನು ಬಿಡಬಹುದು. ಆದರೆ ಕನ್ನಡದಂತೆ 'ವಿದೆತ್' ಎಂಬ ರೂಪದಲ್ಲಿ ಲಿಂಗಸೂಚನೆಯಿಲ್ಲ; ನೋಡುತ್ತಾನೆ, ನೋಡುತ್ತಾಳೆ, ನೋಡುತ್ತದೆ ಎಂಬುದನ್ನು ಅನುವಾದಕರು ಸಂದರ್ಭದಿಂದ ನಿರ್ಧರಿಸಬೇಕಾಗುತ್ತದೆ.

ಅನುವಾದ ಕ್ರಮ

ಆರಂಭಿಕ ಕಲಿಕೆಯಲ್ಲಿ ಸಾಮಾನ್ಯವಾಗಿ ಮೊದಲು ಕ್ರಿಯಾಪದವನ್ನು ಗುರುತಿಸಲಾಗುತ್ತದೆ. ಅನಂತರ ಅದರ ಪುರುಷ-ವಚನಗಳಿಗೆ ಹೊಂದುವ ಪ್ರಥಮಾ ವಿಭಕ್ತಿಯ ಪದವನ್ನು, ಬಳಿಕ ಕರ್ಮವನ್ನು ಹುಡುಕಲಾಗುತ್ತದೆ. ವಿಶೇಷಣವು ಲಿಂಗ, ವಚನ, ವಿಭಕ್ತಿಗಳಲ್ಲಿ ವಿಶೇಷ್ಯವನ್ನು ಅನುಸರಿಸುವುದರಿಂದ, ದೂರದಲ್ಲಿದ್ದರೂ ಅದನ್ನು ಸಂಬಂಧಿಸಿದ ಪದದೊಂದಿಗೆ ಜೋಡಿಸಬಹುದು.

ಒಂದು ಸ್ವರದ ವ್ಯತ್ಯಾಸವೂ ಅರ್ಥವನ್ನು ಬದಲಿಸಬಲ್ಲದು. ಭಾರತದ ಸಂವಿಧಾನದ 32ನೇ ವಿಧಿಯಲ್ಲಿ ಉಲ್ಲೇಖಗೊಂಡಿರುವ 'ಹೇಬಿಯಸ್ ಕಾರ್ಪಸ್' ಇದಕ್ಕೆ ಉದಾಹರಣೆ. ಲ್ಯಾಟಿನ್‌ನಲ್ಲಿ 'ಹಬೇಸ್' ಎಂದರೆ 'ನೀನು ಹೊಂದಿದ್ದೀಯೆ' ಎಂಬ ಹೇಳಿಕೆ. 'ಹಬೆಆಸ್' ಎಂದರೆ 'ನೀನು ಹೊಂದಿರತಕ್ಕದ್ದು' ಎಂಬ ವಿಧಿ. ಬಂಧಿತ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವ ಆಜ್ಞೆಗೆ ಈ ಎರಡನೆಯ ರೂಪದಿಂದಲೇ ಹೆಸರು ಬಂದಿದೆ.