ಕೊಳದ ಆಮೆಗೆ ದಡದ ಮಣ್ಣೂ ಬೇಕು

ಬಾಂಗ್ಲಾದೇಶದ ಚಿತ್ತಗಾಂಗ್ ನಗರದಲ್ಲಿ, 9ನೇ ಶತಮಾನದ ಪರ್ಷಿಯಾದ ಸೂಫಿ ಸಂತ ಬಾಯಜೀದ್ ಬಿಸ್ತಾಮಿಯ ಹೆಸರಿನ ದರ್ಗಾ ಇದೆ. ಅದರ ಕೊಳದ ತುಂಬ ಕಪ್ಪು ಬಣ್ಣದ ದೊಡ್ಡ ಆಮೆಗಳು. ದುಷ್ಟಶಕ್ತಿಗಳನ್ನು ಸಂತರು ಆಮೆಗಳನ್ನಾಗಿ ಮಾಡಿದರೆಂಬುದು ಅಲ್ಲಿನ ಐತಿಹ್ಯ. ಅವನ್ನು ಕೊಲ್ಲುವುದು ನಿಷಿದ್ಧ. ಭಕ್ತರು ಅವಕ್ಕೆ ಬ್ರೆಡ್ಡು, ಬಾಳೆಹಣ್ಣು, ಮಾಂಸ ಉಣಿಸುತ್ತಾರೆ.

ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಜಾನ್ ಆಂಡರ್ಸನ್ 1875ರಲ್ಲಿ ಈ ಜಾತಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಇದು ಗಟ್ಟಿ ಚಿಪ್ಪಿನ ಬದಲು ತೊಗಲಿನಂಥ ಹೊದಿಕೆಯುಳ್ಳ ಆಮೆ. ಬಹುಕಾಲ ದರ್ಗಾದ ಕೊಳವೇ ಇದರ ಏಕೈಕ ನೆಲೆ ಎಂದು ಭಾವಿಸಲಾಗಿತ್ತು. 2002ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದು 'ನಿಸರ್ಗದಲ್ಲಿ ಅಳಿದಿದೆ' ಎಂದು ಸಾರಿತು. ಆದರೆ ಮುಂದಿನ ಶೋಧಗಳಲ್ಲಿ ಅಸ್ಸಾಮಿನ ದೇವಾಲಯಗಳ ಕೊಳಗಳಲ್ಲಿಯೂ ಬ್ರಹ್ಮಪುತ್ರಾ ನದಿಯ ಪ್ರದೇಶದಲ್ಲಿಯೂ ಅದೇ ಆಮೆ ಕಂಡುಬಂತು. ಈಗ ಅದನ್ನು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ.

ಅಸ್ಸಾಮಿನ ಹಾಜೋದಲ್ಲಿರುವ ಹಯಗ್ರೀವ ಮಾಧವ ದೇವಾಲಯದ ಕೊಳ ಇಂಥ ನೆಲೆಗಳಲ್ಲೊಂದು. ಅಲ್ಲಿ ಆಮೆಯೆಂದರೆ ವಿಷ್ಣುವಿನ ಕೂರ್ಮಾವತಾರ. ನದಿಯಲ್ಲಿ ಮಾಂಸಕ್ಕಾಗಿ ಬೇಟೆಗೆ ಸಿಕ್ಕಿದ ಪ್ರಾಣಿ ಒಂದೆಡೆ ಸೂಫಿ ಸಂತನ, ಇನ್ನೊಂದೆಡೆ ವಿಷ್ಣುವಿನ ಆಶ್ರಯದಲ್ಲಿ ಬದುಕಿಕೊಂಡಿತು.

ಆದರೆ ಕೊಲ್ಲದಿರುವುದಷ್ಟೇ ರಕ್ಷಣೆಯಲ್ಲ. ಆಮೆ ನೀರಿನಲ್ಲಿ ಬಾಳಿದರೂ ಮೊಟ್ಟೆಯಿಡುವುದು ನೆಲದಲ್ಲಿ. ಹೆಣ್ಣಾಮೆ ದಡಕ್ಕೆ ಬಂದು, ಮರಳು ಅಥವಾ ಸಡಿಲ ಮಣ್ಣಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಕೊಳವನ್ನು ಅಚ್ಚುಕಟ್ಟು ಮಾಡಲೆಂದು ಸುತ್ತಲೂ ಸಿಮೆಂಟಿನ ಗೋಡೆ, ಮೆಟ್ಟಿಲು ಕಟ್ಟಿದರೆ ಅದಕ್ಕೆ ಜಾಗವೇ ಇಲ್ಲ. ನೀರಿನಲ್ಲಿ ಬಿದ್ದ ಮೊಟ್ಟೆ ಮರಿಯಾಗದು. ಹಿರಿಯ ಆಮೆಗಳು ದೀರ್ಘಾಯುಷಿಗಳಾದ್ದರಿಂದ ಕೊಳ ತುಂಬಿದಂತೆಯೇ ಕಾಣುತ್ತದೆ. ಮುಂದಿನ ಪೀಳಿಗೆ ಇಲ್ಲವೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಭಕ್ತಿಯಿಂದ ಎಸೆದ ತಿನಿಸೂ ಪೂರ್ತಿ ಹಿತವಲ್ಲ. ಮೀನು, ಬಸವನಹುಳುಗಳಿಂದ ಸಿಗಬೇಕಾದ ಪೋಷಕಾಂಶ ಬ್ರೆಡ್ಡು ಬಿಸ್ಕತ್ತಿನಲ್ಲಿಲ್ಲ. ಉಳಿದ ತುಣುಕು ಕೊಳೆತು ನೀರನ್ನು ಕೆಡಿಸುತ್ತದೆ. ಹರಿಯುವ ನದಿಯಂತೆ ನಿಂತ ಕೊಳ ತನ್ನನ್ನು ತಾನು ತೊಳೆದುಕೊಳ್ಳದು.

ಹಾಜೋದಲ್ಲಿ ಈ ತೊಡಕಿಗೆ ಒಂದು ದಾರಿ ಕಂಡುಕೊಳ್ಳಲಾಯಿತು. ದಡದಲ್ಲಿ ಸಿಕ್ಕ ಮೊಟ್ಟೆಗಳನ್ನು ಜೋಪಾನವಾಗಿ ಕಾಪಿಟ್ಟು ಮರಿ ಮಾಡಿಸಿ, 2019ರಲ್ಲಿ ಪೊಬಿತೊರಾ ವನ್ಯಧಾಮದಲ್ಲಿ ಬಿಡಲಾಯಿತು. ದೇವಾಲಯ, ಅರಣ್ಯ ಇಲಾಖೆ ಹಾಗೂ ಆಮೆತಜ್ಞರು ಕೈಜೋಡಿಸಿದ್ದರಿಂದ ಇದು ಸಾಧ್ಯವಾಯಿತು. ಮೃಗಾಲಯದ ತೊಟ್ಟಿಗೂ ಊರ ಪುಷ್ಕರಿಣಿಗೂ ಈ ಪಾಠ ಅನ್ವಯಿಸುತ್ತದೆ. ಆಮೆಗೆಂದು ನೀರು ತುಂಬಿಸುವವರು ಒಂದು ಮಗ್ಗುಲಲ್ಲಾದರೂ ಬಿಸಿಲು ಬೀಳುವ ಮಣ್ಣಿನ ದಡವನ್ನು ಹಾಗೆಯೇ ಉಳಿಸಬೇಕು.