ಅರಮನೆ ತೋಟದ ನೀಲಗಿರಿ ದನದ ಕಾವಲಿಗೆ ಬಂದ ಕಥೆ

ಕಡೂರಲ್ಲಿ ಹೊಸ ಮನೆ ಕಟ್ಟಿಸ್ತಿರೋ ಸ್ನೇಹಿತರೊಬ್ಬರು ಕೇಳಿದರು: "ಗೇಟಿನ ಪಕ್ಕ ಅಂದಕ್ಕೆ ಎರಡು ನೀಲಗಿರಿ ಹಾಕೋಣ ಅಂತ. ನರ್ಸರಿಯವರು ಕಾಮನಬಿಲ್ಲಿನ ಬಣ್ಣದ್ದು ಬಂದೈತೆ ಅಂತಾರೆ, ಏನಂತೀರಿ?" ಜೊತೆಗಿದ್ದವರು ನಕ್ಕುಬಿಟ್ಟರು. ನೀಲಗಿರಿ ಅಂದರೆ ನಮ್ಮ ಕಡೆ ಸೌದೆ, ಕಂಬ, ಕಾರ್ಖಾನೆಗೆ ಹೋಗೋ ಲೋಡು. ಅಂದಕ್ಕೆ ಯಾರು ಹಾಕ್ತಾರೆ?

ಮೊದಲು ಕೇಳಿದ್ದಕ್ಕೆ ಉತ್ತರ. ಕಾಮನಬಿಲ್ಲಿನ ಬಣ್ಣದ ತೊಗಟೆಯ ನೀಲಗಿರಿ ಫಿಲಿಪೀನ್ಸ್, ಇಂಡೋನೇಷ್ಯಾ, ನ್ಯೂಗಿನಿಯ ಮಳೆಕಾಡಿನ ಮರ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳೋ ಕಡೂರಲ್ಲಿ ಅದರ ಬಣ್ಣ ನಂಬಿಕೊಂಡು ದುಡ್ಡು ಕೊಡಬೇಡಿ. ಅಂದಕ್ಕೇ ಬೇಕು ಅಂದರೆ ನಿಂಬೆವಾಸನೆಯದು ಇದೆ. ಬಿಳಿ ನುಣುಪು ಕಾಂಡ, ಎಲೆ ಉಜ್ಜಿದರೆ ನಿಂಬೆಹಣ್ಣಿನ ಘಮ. ಆದರೆ ತುಂಬಾ ಎತ್ತರ ಹೋಗ್ತದೆ, ಗಾಳಿಗೆ ಕೊಂಬೆ ಉದುರಿಸ್ತದೆ. ಮನೆಯಿಂದ, ಕರೆಂಟ್ ತಂತಿಯಿಂದ ದೂರ ಇರಲಿ. ಒಂದೇ ಸಾಕು, ಎರಡು ಯಾಕೆ!

ಇನ್ನು ನಕ್ಕವರಿಗೆ. ನಮ್ಮ ನಾಡಿಗೆ ಈ ಮರ ಮೊದಲು ಬಂದದ್ದೇ ತೋಟಕ್ಕೆ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಇದಕ್ಕೆ 'ಯೂಕಲಿಪ್ಟಸ್' ಅಂತ ಹೆಸರಿಟ್ಟದ್ದು 1788ರಲ್ಲಿ. ಗ್ರೀಕ್ ಭಾಷೆಯಲ್ಲಿ 'ಚೆನ್ನಾಗಿ ಮುಚ್ಚಿಕೊಂಡದ್ದು' ಅಂತ ಅರ್ಥ. ಮೊಗ್ಗಿನ ಮೇಲಿನ ಟೋಪಿ ನೋಡಿದವರಿಗೆ ಗೊತ್ತಾಗ್ತದೆ. ಇಂಗ್ಲಿಷರು ಸಿಡ್ನಿಯಲ್ಲಿ ಬೀಡುಬಿಟ್ಟದ್ದೂ ಅದೇ ವರ್ಷ. ಇದಾಗಿ ಎರಡೇ ವರ್ಷಕ್ಕೆ, ಅಂದರೆ 1790ರ ಸುಮಾರಿಗೆ, ಟಿಪ್ಪು ಸುಲ್ತಾನ್ ಬೀಜ ತರಿಸಿ ನಂದಿಬೆಟ್ಟದ ಅರಮನೆ ತೋಟದಲ್ಲಿ ಸುಮಾರು 16 ಜಾತಿ ಹಾಕಿಸಿದ ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳ್ತವೆ. ಊಟಿ ಕಡೆ ನೆಟ್ಟದ್ದು ಆಮೇಲೆ, 1843ರಲ್ಲಿ, ಅದೂ ಬೇರೆ ಜಾತಿಯದ್ದು. ಅಲ್ಲಿ ಸೌದೆಗೆ ಅಂತ ತೋಪುಗಳೇ ಎದ್ದವು, ಎಣ್ಣೆ ಬಂತು, ಆ ಬೆಟ್ಟದ ಹೆಸರೇ ಮರಕ್ಕೂ ಅಂಟಿತು. ನಮ್ಮ ಬಯಲಲ್ಲಿ ಇರೋದಕ್ಕೆ ಹೆಸರು ಮಾತ್ರ ಊಟಿಯದ್ದು, ಬೀಜ ನಂದಿಯದ್ದು.

ಹತ್ತಾರು ಜಾತಿ ಒತ್ತೊತ್ತಾಗಿ ನಿಂತರೆ ಜೇನುಹುಳ ಸುಮ್ಮನಿರ್ತದಾ? ಪರಾಗ ಬೆರೆಯಿತು. ನಂದಿಯ ಮರಗಳಿಂದ ಆಯ್ದ ಬೀಜ ಬರಡು ನೆಲದಲ್ಲೂ ಸರಸರ ಎದ್ದಿತು. ಅರಣ್ಯದವರು ಅದನ್ನ 'ಮೈಸೂರು ಹೈಬ್ರಿಡ್' ಅಂದರು. 1950-60ರ ದಶಕದಿಂದ ಈ ಬೀಜ ದೇಶದ ಉದ್ದಗಲಕ್ಕೂ ಹೋಯಿತು. ರಾಜನ ತೋಟದ ಕಲಬೆರಕೆ ಸರ್ಕಾರದ ತೋಪಿನ ಮರ ಆದದ್ದು ಹೀಗೆ.

ಈಗ ನಮ್ಮ ಅಜ್ಜಂಪುರದ ಕಡೆ ಬನ್ನಿ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ 'ಅಮೃತ ಮಹಲ್' ಅಂತ ಹೆಸರಿಟ್ಟದ್ದೂ ಇದೇ ಟಿಪ್ಪು. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ತೋಪು ಎಳೆಯೋ ಈ ಎತ್ತುಗಳಿಗಾಗಿ ರಾಜ್ಯದ ತುಂಬ ಹುಲ್ಲಿನ ಕಾವಲುಗಳನ್ನ ಮೀಸಲಿಟ್ಟಿದ್ದರು: ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ. ಬೇಸಿಗೆ ಕಾವಲು ಅಂದರೆ ಹೆಚ್ಚಾಗಿ ಕೆರೆಯಂಗಳ, ಅಲ್ಲಿ ನೀರು ಇಳಿದ ಮೇಲೆ ಹುಲ್ಲು ಚಿಗುರ್ತದೆ, ಸುತ್ತ ನೆರಳಿನ ಮರ ಇರ್ತವೆ. ಎಷ್ಟು ಲೆಕ್ಕಾಚಾರ ನೋಡಿ! 1860ರಲ್ಲಿ ಖರ್ಚು ಉಳಿಸೋಕೆ ಅಂತ ಇಂಗ್ಲಿಷ್ ಸರ್ಕಾರ ಈ ಹಿಂಡನ್ನೇ ಚದುರಿಸಿತು. ಆಮೇಲೆ ಒಳ್ಳೇ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರುಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಕಾವಲುಗಳನ್ನ ಕಡತಗಳಲ್ಲಿ 'ಪಾಳು' ಅಂತ ನೋಡೋಕೆ ಶುರುವಾಯ್ತು. ಒಂದಷ್ಟು ಹಂಚಿಕೆ ಆಯ್ತು, ಒಂದಷ್ಟು ಒತ್ತುವರಿ. ಉಳಿದದ್ದರಲ್ಲಿ ಎಷ್ಟೋ ಕಡೆ ನೀಲಗಿರಿ, ಅಕೇಶಿಯಾ ಎದ್ದವು. ಒಂದು ಕಡೆ ಭದ್ರಾವತಿ ಕಾಗದ ಕಾರ್ಖಾನೆ, ಇನ್ನೊಂದು ಕಡೆ ಹರಿಹರದ ಪಾಲಿಫೈಬರ್ಸ್. ಮರಕ್ಕೆ ಗಿರಾಕಿ ಇತ್ತು. ವಿಶ್ವಬ್ಯಾಂಕ್ ಸಾಲದಲ್ಲಿ 1980ರ ದಶಕದಲ್ಲಿ ನಡೆದ ಸಾಮಾಜಿಕ ಅರಣ್ಯ ಯೋಜನೆಯಲ್ಲೂ ಸಸಿ ಅಂದರೆ ಬಹುಪಾಲು ಇದೇ. ಇದನ್ನ ಆರಿಸೋಕೆ ಒಂದು ಮುಖ್ಯ ಕಾರಣ, ದನ ಬಾಯಿ ಹಾಕಲ್ಲ, ಬೇಲಿ ಖರ್ಚು ಉಳೀತದೆ ಅನ್ನೋದು. ದನ ಮೇಯೋ ನೆಲಕ್ಕೆ, ದನ ಮೇಯಲ್ಲ ಅನ್ನೋ ಕಾರಣಕ್ಕೇ ಮರ ಬಂತು.

ರೈತರು ಸುಮ್ಮನೆ ಕೂರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. 1987ರ ನವೆಂಬರ್‌ನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಆಯ್ತು.

ನೀರಿನ ವಿಷಯಕ್ಕೆ ಎರಡೂ ಕಡೆಯವರು ಗಂಟಲು ಹರ್ಕೊಳ್ತಾರೆ, ಅಳತೆ ಮಾಡಿದ್ದು ಕಡಿಮೆ ಜನ. ಇಂಗ್ಲೆಂಡಿನ ಇಯಾನ್ ಕಾಲ್ಡರ್ ತಂಡ ನಮ್ಮ ಅರಣ್ಯ ಇಲಾಖೆಯವರ ಜೊತೆ ಸೇರಿ ಅಳೆಯಿತು. ಶಿವಮೊಗ್ಗ ಹತ್ತಿರದ ಪುರದಾಳಿನಲ್ಲಿ ನೀಲಗಿರಿ ಕುಡಿದದ್ದು ಅಲ್ಲಿನ ಕಾಡು ಕುಡಿದಷ್ಟೇ, ಆದರೆ ರಾಗಿ ಹೊಲದ ಸುಮಾರು ಎರಡರಷ್ಟು. ಹೊಸಕೋಟೆಯಲ್ಲಿ ಮಾತ್ರ ಬೇರೆ ಕಥೆ: ಬರದ ಮೂರು ವರ್ಷದಲ್ಲಿ ಬಿದ್ದ ಮಳೆ 2100 ಮಿ.ಮೀ., ಮರ ಎಳೆದದ್ದು 3400 ಮಿ.ಮೀ. ಮಣ್ಣು ಆಳ ಇದ್ದದ್ದರಿಂದ ಬೇರು ವರ್ಷವರ್ಷ ಕೆಳಗಿಳಿದು ಹಳೇ ತೇವ ಹುಡುಕಿಕೊಂಡಿತ್ತು. ಮಲೆನಾಡ ಸೆರಗಿನ ತರೀಕೆರೆಯಲ್ಲಿ ನಡೆಯೋ ಮಾತು ಬೋರ್‌ವೆಲ್ ನಂಬಿರೋ ಕಡೂರು ಬಯಲಲ್ಲಿ ನಡೆಯಲ್ಲ ಅಂತ ನಾನು ಹೇಳೋದು ಇದಕ್ಕೇ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನ ನಿಷೇಧಿಸಿತು. ಹಳೇ ಬುಡಗಳು ಕಡಿದಷ್ಟೂ ಚಿಗುರ್ತವೆ, ಅವಕ್ಕೆ ಯಾವ ಆದೇಶವೂ ತಟ್ಟಲ್ಲ. ನಮ್ಮದೇ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನ 2011ರಲ್ಲೇ ಸಂರಕ್ಷಿತ ಮೀಸಲು ಅಂತ ಘೋಷಿಸಿದ್ದಾರೆ, ಏಳು ಚದರ ಕಿ.ಮೀ. ಚಿಲ್ಲರೆ. ಮಳೆ ಬಿದ್ದ ಮೇಲೆ ಒಂದ್ಸಲ ರಸ್ತೆಯಲ್ಲೇ ನಿಂತು ನೋಡಿ. ಮೊಣಕಾಲೆತ್ತರದ ಹುಲ್ಲು, ಅದರೊಳಗೆ ಕೃಷ್ಣಮೃಗ.